ಭದ್ರೆಗಿಳಿದ ಲಾರಿ

"ಏಯ್ ಕಳ್ಳ! ನಮ್ಮ ಲಾರಿ ಬಿಟ್ಟು ಈಚೆ ಬಾ!"

ಲಾರಿಯಡಿಯಿಂದ ಮೊದಲು ಎರಡು ಕಾಲು ಹೊರಬಂದವು... ಆಮೇಲೆ ಮಸಿ ಮೆತ್ತಿದ ಮುಖ. ಆ ಮಸಿಯ ನಡುವೆ ನಗುವ ಕಣ್ಣುಗಳು!

"ಕಳ್ಳ ಅಲ್ಲ ಕಣ್ರೀ, ಕಡೂರಿನ ಮೆಕ್ಯಾನಿಕ್ ಶಿವಮೂರ್ತಿ. ಇದರ ಎಂಜಿನ್ ಬಿಚ್ಚಿ ದೋಣಿಗೆ ಕೂರ್ಸು ಅಂತ ನಿಮ್ಮಪ್ಪಯ್ಯನೇ ಕರೆಸವ್ರೆ."

ಲಕ್ಕವಳ್ಳಿಯ ಭತ್ತದ ವ್ಯಾಪಾರಿ ಬಸವರಾಜಪ್ಪನ ಮಗಳು ಮಲ್ಲಿಕಾಂಬಳಿಗೆ ದುಃಖ ಉಕ್ಕಿತು. ಅಪ್ಪನ ಪಕ್ಕ ಕೂತು, ತಾನೇ ಗೇರ್ ಹಾಕುತ್ತ ತರೀಕೆರೆಗೆ ಹೋಗುತ್ತಿದ್ದ ಲಾರಿ ಅದು!

"ಅದರ ಉಸಿರು ನಿಲ್ಲಿಸ್ತೀರಾ?"

"ಇಲ್ಲ... ಈಜು ಕಲಿಸ್ತೀನಿ."

ಅಂದಿನಿಂದ ಮಜ್ಜಿಗೆ ಕೊಡುವ ನೆಪದಲ್ಲಿ ಅವಳು ಹೊಳೆದಂಡೆಗೆ ಹೋಗತೊಡಗಿದಳು. ಬಿಸಿಲಲ್ಲಿ ಭದ್ರೆ ನಿದ್ದೆಗಣ್ಣಿನಲ್ಲೇ ಹರಿಯುತ್ತಿದ್ದಳು. 'ಮಜ್ಜಿಗೆ ತಣ್ಣಗೇ ಇದೆ... ನನ್ನ ಕೆನ್ನೆ ಯಾಕೆ ಹೀಗೆ ಬಿಸಿ?'

ಆಯುಧಪೂಜೆಯ ದಿನ ಅಮಲ್ದಾರರೂ ಬಂದರು. ನಿಂಬೆಹಣ್ಣು ಹಿಡಿದ ಬಸವರಾಜಪ್ಪ ದೋಣಿಯನ್ನು ಸುತ್ತಿ ಸುತ್ತಿ ನೋಡಿದ.

"ಲೇ, ಇದಕ್ಕೆ ಚಕ್ರವೇ ಇಲ್ವಲ್ಲೋ! ಎಲ್ಲಿಡ್ಲಿ?" ಆಮೇಲೆ ಗುಡುಗಿದ: "ಆಚೆ ದಡ ಮುಟ್ಟಿದ್ರೆ ಇಲ್ಲೇ ದೋಣಿ ನಡೆಸ್ಕೊಂಡಿರು. ಇಲ್ದಿದ್ರೆ ಎಂಜಿನ್ನು ಗುಜರಿಗೆ, ನೀನು ಕಡೂರಿಗೆ!"

ಮಲ್ಲಿಕಾಂಬ ಜನರ ನಡುವಿಂದ ದೋಣಿಯ ಹತ್ತಿರಕ್ಕೆ ಸರಿದಳು.

ಎಂಜಿನ್ ಗುಡುಗುಡಿಸಿತು. ಶಿವಮೂರ್ತಿ ಗೇರ್ ಹಾಕಿದ. ದೋಣಿ... ಹಿಂದಕ್ಕೆ ಬಂದು ದಡಕ್ಕೇ ಗುದ್ದಿತು!

ಜನ ಬಿದ್ದು ಬಿದ್ದು ನಕ್ಕರು.

"ಅಮಲ್ದಾರ್ ಸಾಹೇಬ್ರ ಮುಂದೆ ಮಾನ ಕಳೆದ್ಯಲ್ಲೋ!" ಬಸವರಾಜಪ್ಪ ಹಲ್ಲು ಕಡಿದ.

ನೀರು ತಳ್ಳುವ ರೆಕ್ಕೆಯನ್ನು ಕಮ್ಮಾರ ರಂಗಯ್ಯ ಉಲ್ಟಾ ತಿರುಚಿದ್ದ. ಪಾಪ, ಅವನ ತಪ್ಪಲ್ಲ. ಯಾವ ಕಡೆ ತಿರುಚಬೇಕೆಂದು ಹೇಳುವಾಗ ಶಿವಮೂರ್ತಿಯ ಕಣ್ಣು ಮಜ್ಜಿಗೆ ತರುವವಳ ದಾರಿಯಲ್ಲಿತ್ತು!

'ಇವರು ಹೊರಟೇಹೋಗ್ತಾರಾ?' ಮಲ್ಲಿಕಾಂಬ ಸೆರಗು ಬಿಗಿದು ದೋಣಿಗೆ ಹಾರಿದಳು.

"ಮಲ್ಲೀ! ಇಳಿಯೇ ಕೆಳಗೆ!"

ಅವಳು ರಿವರ್ಸ್ ಗೇರ್ ಎಳೆದಳು. ದೋಣಿ ಮೆಲ್ಲಗೆ, ತೀರ ಮೆಲ್ಲಗೆ, ಮುಂದಕ್ಕೆ ಹೊರಟಿತು!

"ರಿವರ್ಸಲ್ಲಿ ಬಲು ನಿಧಾನ ಕಣ್ರೀ..." ಶಿವಮೂರ್ತಿ ತೊದಲಿದ.

"ಅವಸರ ಯಾರಿಗೈತೆ?"

ನಡುಹೊಳೆಯಲ್ಲಿ ದಡದ ಗದ್ದಲವೆಲ್ಲ ಕನಸಿನಂತೆ ಕರಗಿತು. ನೀರು, ಬೆಳಕು, ಎಂಜಿನ್ನಿನ ಎದೆಬಡಿತ... ಅಷ್ಟೇ. ದೋಣಿಯ ಮೂತಿ ಆಚೆ ದಡದ ಮರಳಿಗೆ ತಾಗಿತು.

ಶಿವಮೂರ್ತಿ ಕೆಮ್ಮಿ, ಬಸವರಾಜಪ್ಪನ ಗಡಸು ದನಿ ತೆಗೆದ. "ಏನೇ ಮಲ್ಲೀ! ಈ ಮಸಿಮೂತಿ ಹುಡುಗ ನಿಂಗೆ ಒಪ್ಪಿಗೇನಾ?"

ಅವಳು ಕಿಲಕಿಲ ನಕ್ಕು, ತಟ್ಟನೆ ಗಂಭೀರಳಾದಳು.

"ಅಪ್ಪಯ್ಯನ ದನಿ ಬ್ಯಾಡ. ನಿಮ್ ದನೀಲೇ ಕೇಳ್ರೀ."

ಅವನು ತೋಳಿನಿಂದ ಮುಖದ ಮಸಿ ಒರೆಸಿಕೊಂಡ.

"ನನ್ನ ಜೊತೆ... ಬತ್ತೀರಾ?"

"ಬಂದಾಯ್ತಲ್ಲ!"