ಮೆಟ್ಟಿಲ ಮೇಲೆ ನಿಂತ ಪೆಟ್ಟಿಗೆ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ನೇರ ವಿಷಯಕ್ಕೇ ಬಂದಳು. ಮನೆ ಸಾಮಾನು ಸಾಗಿಸುವ ಹಮಾಲನಾದ ಆಕೆಯ ಗಂಡ ಹಿಂದಿನ ದಿನ ಬಾಡಿಗೆ ಮನೆಯೊಂದರ ಮಹಡಿಯಿಂದ ಪೆಟ್ಟಿಗೆ ಇಳಿಸುವಾಗ ಬಿದ್ದು, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ.

“ಮೂವತ್ತು ವರ್ಷ ಹೊರೆ ಹೊತ್ತೋರು ಸಾರ್. ಜಾರೋ ಕಾಲಲ್ಲ ಅವರದ್ದು. ಆ ಮನೆ ಓನರ್ರೇ ತಳ್ಳಿರೋದು. ಗೋಡೆ ಗೀಚಿದ್ರಿ ಅಂತ ಕೂಗಾಡ್ತಿದ್ದನಂತೆ.”

“ನೋಡಿದವರು?”

“ನಮ್ಮ ಅಳಿಯ, ಅವನೂ ಹಮಾಲಾನೇ, ಹಿಂದೇನೇ ಇದ್ದ. ಬಾಯೇ ಬಿಡ್ತಿಲ್ಲ. ಹೆದರಿದ್ದಾನೆ, ಪಾಪ.”

ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದ ಇನ್ಸ್‌ಪೆಕ್ಟರಿಗೆ ತಲೆಕೆಟ್ಟಿತು. ಪೊಲೀಸರಿಗೆ ಹೆದರಿ ಓನರ್ ಏನನ್ನೂ ಮುಟ್ಟಿರಲಿಲ್ಲ. ಕಬ್ಬಿಣದ ಪೆಟ್ಟಿಗೆ ಮೇಲಿನ ಮೆಟ್ಟಿಲೊಂದರಲ್ಲಿ ಮದುವೆಗೆ ಬಂದ ಬೀಗರ ಹಾಗೆ ನೆಟ್ಟಗೆ ಕೂತಿತ್ತು. ಒಳಗಿನ ಗಾಜಿನ ಲೋಟಗಳಲ್ಲಿ ಒಂದೂ ಒಡೆದಿರಲಿಲ್ಲ. ಮನುಷ್ಯ ಮಾತ್ರ ಕೆಳಗಿನ ಅಂಗಳದವರೆಗೆ ಉರುಳಿದ್ದ. ಓನರ್ ಆ ಹೊತ್ತಿಗೆ ಬೀದಿಯಲ್ಲಿ ಲಾರಿ ಡ್ರೈವರನ ಮೇಲೆ ಹಾರಾಡುತ್ತಿದ್ದನೆಂದು ಡ್ರೈವರನೇ ಸಾಕ್ಷಿ ಹೇಳಿದ.

“ಹೊತ್ತವನು ಬಿದ್ದರೆ ಹೊರೆ ಅವನ ತಲೆ ಮೇಲೆ ಬೀಳಬೇಕಲ್ಲಯ್ಯಾ?”

“ಪೆಟ್ಟಿಗೆಗೆ ಬುದ್ಧಿ ಇರಬೇಕು ಸಾರ್,” ಎಂದ ಕಾನ್‌ಸ್ಟೆಬಲ್ ಗುಂಡಣ್ಣ.

ಆಸ್ಪತ್ರೆಯಲ್ಲಿ ಹಮಾಲ ಇನ್ನಷ್ಟು ಗೋಜಲು ಮಾಡಿದ.

“ಜಾರಿದೆ.”

“ಪೆಟ್ಟಿಗೆ?”

“ಅದು ಅಲ್ಲೇ ನಿಂತ್ಕೊಳ್ತು.”

“ಹೇಗೆ ಯಜಮಾನ್ರೇ?”

ಅವನು ಗೋಡೆ ಕಡೆ ಮುಖ ತಿರುಗಿಸಿದ.

ಮಧ್ಯಾಹ್ನ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹಳೇ ಕಡತಗಳ ಪೆಟ್ಟಿಗೆಯನ್ನು ಗುಂಡಣ್ಣನ ಬೆನ್ನಿಗೇರಿಸಿದರು. ಎರಡೂ ಕೈ ಹಿಂದಕ್ಕೆ ಚಾಚಿ ತಳ ಹಿಡಿದ ಗುಂಡಣ್ಣ ತಾನಾಗಿಯೇ ಮುಂದಕ್ಕೆ ಬಾಗಿದ. ಬಾಗದಿದ್ದರೆ ಹಿಂದಕ್ಕೆ ಮಗುಚುತ್ತಿದ್ದ. ಇನ್ಸ್‌ಪೆಕ್ಟರ್ ಪೆಟ್ಟಿಗೆಯನ್ನು ತಟ್ಟನೆ ಎತ್ತಿದರು. ಗುಂಡಣ್ಣ ಮುಂದಿದ್ದ ಬೆಂಚಿನ ಮೇಲೆ ಬೋರಲಾಗಿ ಬಿದ್ದ.

“ಸಾರ್, ಹೇಳಿ ಎತ್ತೋದಲ್ವಾ!”

ಇನ್ಸ್‌ಪೆಕ್ಟರಿಗೆ ಅರ್ಧ ಅರ್ಥವಾಯಿತು. ಹೊತ್ತವನ ಭಾರ, ಹೊರೆಯ ಭಾರ ಎರಡೂ ಸೇರಿ ಪಾದದ ಮೇಲೆ ತೂಗುತ್ತಿರುತ್ತವೆ. ಹಿಂದಿನದು ಹೋದ ಕೂಡಲೇ ಬಾಗಿದ ಮೈಗೆ ಆಸರೆಯಿಲ್ಲ. ತಳ್ಳುವುದೇ ಬೇಡ.

ಉಳಿದರ್ಧವನ್ನು ಡ್ರೈವರ್ ಹೇಳಿದ. ಹಮಾಲರಲ್ಲಿ ಇನ್ನೊಬ್ಬರ ಬೆನ್ನಿನ ಹೊರೆಯನ್ನು ಕೇಳದೆ ಯಾರೂ ಮುಟ್ಟುವುದಿಲ್ಲ. ‘ಕೈ ಕೊಡ್ಲಾ’ ಎಂದು ಕೂಗಬೇಕು, ಹೊತ್ತವನು ನಿಂತು, ಕಾಲೂರಿ, ‘ಹೂಂ’ ಅನ್ನಬೇಕು.

“ನಿನ್ನೆ ಕೂಗು ಕೇಳಿಸ್ತಾ?”

“ಇಲ್ಲ ಸಾರ್.”

ಸಂಜೆ ಅಳಿಯನನ್ನು ಕರೆಸಿದರು.

“ಮರೆತು ಎತ್ತಿದ್ಯಾ?”

“ಇಲ್ಲ. ಗೊತ್ತಿದ್ದೇ ಎತ್ತಿದೆ.”

“ಮಾವನ ಮೇಲೆ ಏನು ದ್ವೇಷ?”

“ದ್ವೇಷ ಎಲ್ಲಿಂದ ಬರ್ಬೇಕು ಸಾರ್? ಅವರ ಹೃದಯ ಕೆಟ್ಟಿದೆ, ಇನ್ನು ಹೊರೆ ಹೊತ್ತರೆ ಸಾಯ್ತಾರೆ ಅಂದಿದ್ರು ಡಾಕ್ಟ್ರು. ಮನೇಲಿ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಕಾಲು ಹಿಡಿದೆ, ಕೇಳ್ಲಿಲ್ಲ. ಒಂದ್ಸಲ ಕಾಲು ಉಳುಕಿದ್ರೆ ಮನೇಲಿ ಕೂರ್ತಾರೆ ಅಂದ್ಕೊಂಡೆ. ಕೊನೇ ಮೆಟ್ಟಿಲಲ್ಲಿ ಎತ್ತೋಣ ಅಂತಿದ್ದೆ. ಅಷ್ಟರಲ್ಲಿ ಅವರು ಏದುಸಿರು ಬಿಟ್ರು. ಅಲ್ಲೇ ಹೋಗ್ಬಿಡ್ತಾರೆ ಅನ್ನಿಸ್ತು. ಕೈ ತಡೀಲಿಲ್ಲ.”

“ಅವರಿಗೆ ಗೊತ್ತಾ?”

“ನನ್ನ ಕೈ ಅವರಿಗೆ ಗೊತ್ತಾಗಲ್ವಾ ಸಾರ್? ಹೊರೆ ಹಿಡಿಯೋದು ಕಲಿಸಿದ್ದೇ ಅವರು.” ಆಮೇಲೆ ಕೇಳಿದ, “ಇನ್ನು ಅವರು ಹೊರಲ್ಲ, ಅಲ್ವಾ?”

ಎದ್ದು ನಿಲ್ಲುವುದೇ ಅನುಮಾನ ಎಂದು ವೈದ್ಯರು ಹೇಳಿದ್ದರು. ಇನ್ಸ್‌ಪೆಕ್ಟರ್ ಅದನ್ನು ಹೇಳಲಿಲ್ಲ. ಆರೂಕಾಲಿಗೆ ಬಂಧನವನ್ನು ದಾಖಲಿಸಿದರು. ಪ್ರೀತಿಗೆ ಯಾವ ಕಲಂ ಹಾಕುವುದೋ ಅವರಿಗೆ ತಿಳಿಯದು, ಮುರಿದ ಸೊಂಟಕ್ಕೆ ಹಾಕಿದ್ದಾಯಿತು.

ಹೊರಗೆ ದೂರುದಾರಳು ಮಗಳ, ಅಂದರೆ ಆ ಅಳಿಯನ ಹೆಂಡತಿಯ, ಕೈ ಹಿಡಿದು ನಿಂತಿದ್ದಳು.

“ತಳ್ಳಿದೋನು ಸಿಕ್ಕಿದ್ನಾ ಸಾರ್?”

“ಯಾರೂ ತಳ್ಳಲಿಲ್ಲಮ್ಮ,” ಎಂದರು ಇನ್ಸ್‌ಪೆಕ್ಟರ್. ಹೇಳುವಾಗ ಆಕೆಯ ಮಗಳ ಮುಖವನ್ನೇ ನೋಡುತ್ತಿದ್ದರು.