ಗಿರಣಿ ಬೋರ್ಡಿನ ಹೂವು

“ಹೂವು ಎಲ್ಲೆರೆ ಹಲ್ಲ ಕಿಸೀತೈತೇನ, ಜಬೀನ?”

ಡ್ರಾಯಿಂಗ್ ಕಲಿಸುವ ಹಾಲಸಿದ್ದಪ್ಪ ಸರ್ ಜಬೀನಳ ಚಿತ್ರವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ. ಹಾಳೆಯ ತುಂಬ ಒಂದೇ ಒಂದು ಹಳದಿ ಹೂವು. ಅದಕ್ಕೆ ಕಣ್ಣು, ಬಾಯಿ, ಬಾಯಿ ತುಂಬ ಹಲ್ಲು. ಮುಂದಿನ ಒಂದು ಹಲ್ಲು ಮಾತ್ರ ಇರಲಿಲ್ಲ. ಐದನೇ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ರೋಣದಾಗ ತಾಲೂಕು ಕಾಂಪಿಟೇಶನ್ ಐತಿ. ಗುಡ್ಡ ಬರಿ, ಗುಡಿಸಲಾ ಬರಿ, ತೆಂಗಿನ ಗಿಡಾ ಬರಿ. ಅದಕ್ಕ ಆರ್ಟ್ ಅಂತಾರ. ಇದು ಗಿರಣಿ ಬೋರ್ಡ! ಯಾರ ಕಲಿಸ್ಯಾರ ನಿನಗ?”

ಸರ್‌ಗೆ ಗೊತ್ತಿಲ್ಲದ್ದೇನಲ್ಲ. ಫ್ಲೆಕ್ಸು ಇನ್ನೂ ಕಾಲಿಡದ ಗಜೇಂದ್ರಗಡದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು ಜಬೀನಳ ಅಪ್ಪ ಜಂಗ್ಲಿಸಾಬ. ಶಾಲೆಯ ಎದುರಿಗಿನ ಮುತ್ತಣ್ಣನ ಹಿಟ್ಟಿನ ಗಿರಣಿಯ ಮೇಲೂ ಇದೇ ಹೂವು ನಗುತ್ತಿತ್ತು. ಮುತ್ತಣ್ಣನಿಗೆ ಮುಂದಿನ ಹಲ್ಲಿಲ್ಲ, ಹಾಗಾಗಿ ಹೂವಿಗೂ ಇಲ್ಲ.

ಜಬೀನ ತಲೆ ತಗ್ಗಿಸಿದಳು.

“ಯಾರೂ ಕಲಿಸಿಲ್ರಿ ಸರ್.”

ಸರ್ ಅವರದು ಬಹಳ ದೊಡ್ಡ ಆರ್ಟ್. ಇಪ್ಪತ್ತು ವರ್ಷದಿಂದ ಅದೇ ಎರಡು ಗುಡ್ಡ, ನಡುವೆ ಅದೇ ಸೂರ್ಯ. ಸೂರ್ಯನಿಗೂ ಬೇಸರ ಬಂದಿರಬೇಕು, ಸರ್‌ಗೆ ಮಾತ್ರ ಬಂದಿರಲಿಲ್ಲ.

ಅವತ್ತು ಶನಿವಾರ. ಮಧ್ಯಾಹ್ನವೇ ಶಾಲೆ ಬಿಟ್ಟು ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಕೂತು ಸೋಡಾ ಅಂಗಡಿಯ ತಗಡಿನ ಬೋರ್ಡು ಬರೆಯುತ್ತಿದ್ದ. ಅಲ್ಲೂ ಒಂದು ಹೂವು ಸೋಡಾ ಕುಡಿದು ನಗುತ್ತಿತ್ತು.

“ಅಬ್ಬಾ, ಇನ್ನ ಮುಂದ ಹೂವಿಗೆ ಮಾರಿ ಬರೀಬ್ಯಾಡ. ಸಾಲ್ಯಾಗ ಎಲ್ಲಾರೂ ನಗತಾರ,” ಎಂದಳು ಜಬೀನ ಅಪ್ಪನಿಗೆ.

“ನಗಲಿ ಅಂತನ ಬರೀತೀನಿ, ಬೇಟಿ.”

ಅಪ್ಪ ಅವಳ ಹಾಳೆಯನ್ನು ಇಸಿದುಕೊಂಡು ನೋಡಿದ. “ಭಾಳ ಚಲೋ ಬಂದೈತಿ. ಸಹಿ ಎಲ್ಲಿ? ಸಹಿ ಮಾಡೂತನಾ ಕೆಲಸ ಮುಗದಂಗಲ್ಲ.”

ಹೇಳುತ್ತಲೇ ಸಣ್ಣ ಬ್ರಷ್ ತೆಗೆದುಕೊಂಡು ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಓರೆಯಾಗಿ ಬರೆದ: ಜಂಗ್ಲಿ ಆರ್ಟ್ಸ್, ಗಜೇಂದ್ರಗಡ.

ಸರ್ ಕೇಳಿದ್ದನ್ನೂ ತಾನು ಹೇಳಿದ್ದನ್ನೂ ಜಬೀನ ಅಪ್ಪನಿಗೆ ತಿಳಿಸಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು.

ಸೋಮವಾರ ಸರ್ ಕೈಯಲ್ಲಿ ಪೇಪರ್ ಹಿಡಿದು ಓಡೋಡಿ ಬಂದರು.

“ಜಬೀನ! ಆ ಚಿತ್ರ ಹರದಿಲ್ಲಲಾ?”

ಪೇಪರಿನಲ್ಲಿ ಜಪಾನಿನ ಒಬ್ಬ ಕಲಾವಿದನ ಸುದ್ದಿಯಿತ್ತು. ಅವನೂ ನಗುವ ಹೂವುಗಳನ್ನೇ ಬರೆಯುತ್ತಾನಂತೆ. ಅವು ಮ್ಯೂಸಿಯಂ ಗೋಡೆಯ ಮೇಲೂ ಇವೆಯಂತೆ, ಅಂಗಡಿಯಲ್ಲಿ ಮಾರುವ ದುಬಾರಿ ಬ್ಯಾಗುಗಳ ಮೇಲೂ ಇವೆಯಂತೆ.

“ಇದಕ್ಕ ಪಾಪ್ ಆರ್ಟ್ ಅಂತಾರ,” ಎಂದರು ಸರ್. “ನನಗ ಅವತ್ತ ಡೌಟ್ ಬಂದಿತ್ತು!”

ಶನಿವಾರದ ಗಿರಣಿ ಬೋರ್ಡು ಸೋಮವಾರ ಆರ್ಟ್ ಆಗಿತ್ತು. ನಡುವೆ ಜಪಾನಿನ ತನಕ ಹೋಗಿ ಬಂದರೂ ಹೂವಿಗೆ ಒಂದಿಷ್ಟೂ ದಣಿವಾಗಿರಲಿಲ್ಲ. ಅವತ್ತು ನಕ್ಕ ಕ್ಲಾಸು ಇವತ್ತು ಚಪ್ಪಾಳೆ ತಟ್ಟಿತು.

“ಸರ್, ಅವತ್ತ ಗಿರಣಿ ಬೋರ್ಡ ಅಂದಿದ್ರಲ್ರಿ?” ಎಂದಳು ಪಕ್ಕದಲ್ಲಿ ಕೂರುವ ಚಿನ್ನು.

“ನೀ ಸುಮ್ಮ ಕುಂದರ. ಜಬೀನ, ಇದನ್ನ ರೋಣಕ್ಕ ಕಳಸೂಣು. ಆ ಹಲ್ಲೊಂದು ತುಂಬಿಬಿಡು. ಕೆಳಗ ‘ಜಪಾನಿ ಶೈಲಿ’ ಅಂತ ಬರಿ.”

ಜಬೀನ ಸ್ಕೆಚ್ ಪೆನ್ ತೆಗೆದಳು. ಕಿಟಕಿಯಾಚೆ ಗಿರಣಿಯ ಮೇಲಿನ ಹೂವು ಎಂದಿನಂತೆ ನಗುತ್ತಿತ್ತು. ಅದರ ಮೂಲೆಯಲ್ಲಿ ಹಿಟ್ಟಿನ ಧೂಳು ಕೂತು ಮಾಸಿದ ಸಣ್ಣ ಸಹಿ. ಒಂದನೇ ಕ್ಲಾಸಿನಿಂದ ದಿನಾ ಅದರ ಮುಂದೆಯೇ ಹಾದು ಬಂದಿದ್ದಳು. ಇವತ್ತು ಅದನ್ನು ನಿಧಾನವಾಗಿ ಓದಿದಳು.

ಹಲ್ಲನ್ನು ಅವಳು ಮುಟ್ಟಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ, ಅಪ್ಪನ ಹಾಗೆಯೇ ಓರೆಯಾಗಿ ಬರೆದಳು: ಜಂಗ್ಲಿ ಆರ್ಟ್ಸ್, ಗಜೇಂದ್ರಗಡ.

“ಇದೇನಿದು?” ಸರ್ ಕನ್ನಡಕ ಸರಿಮಾಡಿಕೊಂಡರು.

“ಯಾರ ಕಲಿಸ್ಯಾರಂತ ಕೇಳಿದ್ರಲ್ರಿ ಸರ್,” ಎಂದಳು ಜಬೀನ. “ಅವತ್ತ ನಾ ಸುಳ್ಳ ಹೇಳಿದ್ನಿರಿ.”