ಮೊದಲ ರಿಂಗಿಗೇ ಎತ್ತುವ ಯಂತ್ರ

ಒಂದಾನೊಂದು ಕಾಲದಲ್ಲಿ, ತೀರ ಹಳೆಯ ಕಾಲವೇನಲ್ಲ, ಫೋನಿಗೆ ಇನ್ನೂ ಬಾಲವಿದ್ದ ಕಾಲದಲ್ಲಿ, ಒಂದು ಓಣಿಯ ಕೊನೆಯ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು, ಸೋದರತ್ತೆ ಮತ್ತು ಅವಳು ಸಾಕಿದ ಸೋದರಸೊಸೆ. ಒಬ್ಬಳಿಗೆ ಸದ್ದು ಅಂದರೆ ಆಗದು. ಇನ್ನೊಬ್ಬಳಿಗೆ ಆ ಮನೆಯ ಮೌನ ಅಂದರೆ ಆಗದು, ಆದರೆ ಅದನ್ನವಳು ಯಾರಿಗೂ ಹೇಳಿರಲಿಲ್ಲ.

ಆ ಮನೆಗೆ ಒಂದು ದಿನ ಕೂಗುವ ಪೆಟ್ಟಿಗೆ ಬಂತು.

ಕೂಗು ಅಂದರೆ ಎಂಥ ಕೂಗು... ತಗಡನ್ನು ಕಲ್ಲಿನ ಮೇಲೆ ಎಳೆದ ಹಾಗೆ, ಅದರ ಬೆನ್ನಿಗೇ ಕೆಟ್ಟ ರೇಡಿಯೋ ಬುಸುಗುಟ್ಟಿದ ಹಾಗೆ. ಮಂಚದ ಮೇಲಿದ್ದ ಅತ್ತೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮುದುರಿಹೋದಳು.

"ನಿಲ್ಲಿಸ್ರೀ ಅದನ್ನ!" ಎಂದಳು ಸೋದರಸೊಸೆ.

ಮೇಜಿನ ಕೆಳಗೆ ತಂತಿಗಳ ನಡುವೆ ಕೂತಿದ್ದವನು ಗಾಬರಿಯಲ್ಲಿ ಎದ್ದು, ಹಣೆಯನ್ನು ಮೇಜಿನ ಅಂಚಿಗೆ ಬಡಿಸಿಕೊಂಡ. ಕಂಪ್ಯೂಟರಿನ ಒಂದು ಕೀಲಿ ಒತ್ತಿದ. ಕೂಗು ಕತ್ತರಿಸಿ ಬಿತ್ತು. ಆಮೇಲೆ ಪರದೆಯಲ್ಲಿ ATM0 ಎಂದು ಬರೆದ. OK ಎಂಬ ಎರಡಕ್ಷರ ಮೂಡಿತು.

"ಇನ್ಮೇಲೆ ಕೂಗಲ್ಲ," ಎಂದ, ಹಣೆ ಉಜ್ಜಿಕೊಳ್ಳುತ್ತ. "ಕೂಗ್ಬೇಡ ಅಂತ ಮೊದಲೇ ಹೇಳಿದ್ರೆ ಕೂಗ್ತಿರ್ಲಿಲ್ಲ. ಪಾಪ, ಇದು ಹೇಳಿದ ಮಾತು ಕೇಳುತ್ತೆ."

ಸೊಸೆ ಬಯ್ಯಬೇಕೆಂದು ಅವನ ಕಡೆ ತಿರುಗಿದಳು. ಅವನ ಹಣೆಯ ಮೇಲೆ ಗಂಟು ಊದುತ್ತಿತ್ತು. ಅವನು ಮಾತ್ರ ಯಂತ್ರದ ಪರವಾಗಿ ಅತ್ತೆಯ ಹತ್ತಿರ ಕ್ಷಮೆ ಕೇಳುತ್ತಿದ್ದ.

ಆ ಪೆಟ್ಟಿಗೆ ಮೋಡೆಮ್, ಕಂಪ್ಯೂಟರನ್ನು ಫೋನಿನ ತಂತಿಗೆ ಸೇರಿಸುವ ಯಂತ್ರ; ಅವನು ಅದನ್ನು ಜೋಡಿಸಲು ಆಸ್ಪತ್ರೆಯವರು ಕಳಿಸಿದವನು. ಅವಳು ಅದೇ ಆಸ್ಪತ್ರೆಯ ಟೈಪಿಸ್ಟ್. ಡಾಕ್ಟರುಗಳ ಕೋಳಿಕಾಲು ಅಕ್ಷರದ ವರದಿಗಳನ್ನು ಮನೆಯಲ್ಲೇ ಟೈಪ್ ಮಾಡಿ, ಇನ್ನು ಮೇಲೆ ಫೋನಿನ ತಂತಿಯಲ್ಲೇ ಕಳಿಸಬೇಕಿತ್ತು. ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ತಾಯಿ ಹೋದ ಮೇಲೆ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಸೋದರತ್ತೆಯ ತಲೆಯೊಳಗೆ ಒಂದು ಗಂಟು ಬೆಳೆದಿತ್ತು. ಕತ್ತರಿಸುವ ಹಾಗಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ, ಸದ್ದು ಕೇಳಿದರೆ ಮೊಳೆ ಹೊಡೆದ ಹಾಗೆ.

ಆದರೂ ಫೋನು ಮಾತ್ರ ಅತ್ತೆಯ ತಲೆದಿಂಬಿನ ಪಕ್ಕದಲ್ಲೇ ಇರಬೇಕು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಗಂಟೆಯ ತಿರುಪನ್ನು ತೀರ ಸಣ್ಣಗೆ ಮಾಡಿ ಇಟ್ಟುಕೊಂಡಿದ್ದಳು. ಹಾಗಾಗಿ ಮೇಜು, ಕಂಪ್ಯೂಟರ್, ಮೋಡೆಮ್ ಎಲ್ಲ ಅದೇ ಮಬ್ಬುಗತ್ತಲೆಯ ಕೋಣೆಯಲ್ಲಿ.

ಅವನು ಕಲಿಸಿದ. ಯಂತ್ರಕ್ಕೆ ಏನು ಹೇಳುವುದಿದ್ದರೂ ಮೊದಲು AT. 'ಇಲ್ಲಿ ಕೇಳು' ಅಂತ ಹೆಗಲು ತಟ್ಟಿದ ಹಾಗೆ. D ಅಂದರೆ ನಂಬರು ತಿರುಗಿಸುತ್ತದೆ, H ಅಂದರೆ ಫೋನು ಇಡುತ್ತದೆ. ನಂಬರಿನ ಮಧ್ಯೆ ಒಂದು ಅಲ್ಪವಿರಾಮ ಹಾಕಿದರೆ ಎರಡು ಸೆಕೆಂಡು ಸುಮ್ಮನೆ ಕಾಯುತ್ತದೆ. ಎಷ್ಟನೇ ರಿಂಗಿಗೆ ತಾನಾಗಿ ಫೋನ್ ಎತ್ತಬೇಕು ಎನ್ನುವುದನ್ನು S0 ಎಂಬ ಪುಟ್ಟ ಗೂಡಿನಲ್ಲಿ ಇಟ್ಟುಕೊಂಡಿರುತ್ತದೆ. ಆಸ್ಪತ್ರೆಯ ಯಂತ್ರ ಸಂಜೆ ತಿದ್ದುಪಡಿ ಕಳಿಸುತ್ತಿದ್ದರಿಂದ ಅಲ್ಲಿ ಒಂದು ಎಂದು ಬರೆದಿಟ್ಟ. ಮೊದಲ ರಿಂಗಿಗೇ ಎತ್ತಿಬಿಡು, ಮನೆಯವರಿಗೆ ತೊಂದರೆ ಕೊಡಬೇಡ ಅಂತ.

ಒಂದು ದಿನದ ಕೆಲಸ ಹತ್ತು ದಿನಕ್ಕೆ ಬೆಳೆಯಿತು. ಇವತ್ತು ತಂತಿ ಸಡಿಲ, ನಾಳೆ ಲೈನಿನಲ್ಲಿ ಕರಕರ. ಅತ್ತೆ ಅವನಿಗೆ ತಂತಿರಾಯ ಎಂದು ಹೆಸರಿಟ್ಟಳು.

"ಗುಬ್ಬೀ, ತಂತಿರಾಯರ ತಂತಿ ದಿನಾ ನಾಲ್ಕು ಗಂಟೆಗೇ ಸಡಿಲ ಆಗುತ್ತಲ್ಲೇ. ಅದಕ್ಕೂ ಗಡಿಯಾರ ಕಟ್ಟಿದಾರಾ?"

ಗುಬ್ಬಿಯ ಕೆನ್ನೆ ಆ ಕತ್ತಲೆಯಲ್ಲಿ ಕಾಣಿಸದೇ ಇದ್ದದ್ದು ಒಳ್ಳೆಯದೇ ಆಯಿತು.

ಹನ್ನೊಂದನೆಯ ದಿನ ಅವನು ಬಂದಾಗ ಹೆಗಲಿಗೆ ದೊಡ್ಡ ಚೀಲವಿತ್ತು. ತಿದ್ದುಪಡಿಗಳನ್ನು ಇನ್ನು ಕಾಗದದಲ್ಲೇ ಕಳಿಸುತ್ತಾರಂತೆ, ಯಂತ್ರ ತಾನಾಗಿ ಫೋನ್ ಎತ್ತುವುದು ಬೇಡ, ಅದನ್ನು ತೆಗೆದುಬಿಡಿ ಎಂದ. ತನ್ನನ್ನು ದೂರದ ಚಿಕಿತ್ಸಾಲಯಕ್ಕೆ ಒಂದು ತಿಂಗಳ ಮಟ್ಟಿಗೆ ಹಾಕಿದ್ದಾರೆ, ವ್ಯಾನು ಓಣಿಯ ತುದಿಯಲ್ಲಿ ನಿಂತಿದೆ ಎಂದೂ ಹೇಳಿದ.

ಅವಳು ATS0=0 ಎಂದು ಬರೆದಳು. OK ಅಂದಿತು.

"ಇಷ್ಟೇ ಆದ್ರೆ ಸಾಲ್ದು," ಎಂದ ಅವನು. "AT&W ಅಂತ ಹಾಕ್ಬೇಕು. ಬರೆದಿಟ್ಕೋ ಅಂತ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನಿಮ್ಮ ಪ್ರೋಗ್ರಾಂ ಶುರುವಾದ ಕೂಡ್ಲೇ ಇವತ್ತು ಹೇಳಿದ್ದೆಲ್ಲ ಮರೆತು ಹಳೇ ಚಾಳಿಗೇ ಹೋಗುತ್ತೆ. ಮರೀಬೇಡಿ."

"ಹಾಕ್ತೀನಿ," ಎಂದು ಮಾತು ಕೊಟ್ಟಳು.

ಬೆರಳು ಕೀಲಿಯ ಮೇಲಿತ್ತು. ಆಗಲೇ ಅವನು ದನಿ ತಗ್ಗಿಸಿದ.

"ತಿಂಗಳಾದ ಮೇಲೆ ನಂಗೆ ಎರಡು ದಾರಿ ಇದೆ. ಒಂದು ದ್ವೀಪದ ಆಸ್ಪತ್ರೆಯೋರು ಮೂರು ವರ್ಷದ ಕೆಲಸಕ್ಕೆ ಕರೀತಿದಾರೆ. ಇಲ್ಲಾ ಇಲ್ಲಿಗೇ ವಾಪಸ್ ಬರ್ತೀನಿ... ನೀವು ನನ್ನ ಮದುವೆ ಆಗ್ತೀನಿ ಅಂದ್ರೆ."

ಅವಳ ಬೆರಳು ಕೀಲಿಯಿಂದ ಸರಿಯಿತು. ಅತ್ತೆಯನ್ನು ಕೇಳಬೇಕು ಎಂದಳು.

"ಕೇಳಿ. ಅಲ್ಲಿ ಲೈನ್ ಯಾವಾಗ ಸಿಗುತ್ತೋ ಗೊತ್ತಿಲ್ಲ, ಆದ್ರೆ ಫೋನ್ ಮಾಡ್ತಾನೇ ಇರ್ತೀನಿ. ನೀವು ಎತ್ತಿದ್ರೆ ಸಾಕು. ಇಷ್ಟ ಇಲ್ಲಾಂದ್ರೆ ಎತ್ಬೇಡಿ, ನಾನು ತಿಳ್ಕೋತೀನಿ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಅವನು ಓಡಿದ. ಅವಳು ಬಾಗಿಲಿಗೆ ಬಂದು, ಓಣಿ ಖಾಲಿಯಾದ ಮೇಲೂ ನಿಂತೇ ಇದ್ದಳು. ಒಳಗೆ ಬಂದು ಕಂಪ್ಯೂಟರ್ ಆರಿಸಿದಳು. ಮೋಡೆಮಿನ ಕೆಂಪು ದೀಪಗಳು ಎಂದಿನಂತೆ ಉರಿಯುತ್ತಲೇ ಇದ್ದವು.

ಬರೆದಿಡುವ ಮಾತು ಅವಳ ನೆನಪಿಗೇ ಬರಲಿಲ್ಲ.

ಆ ಸಂಜೆ ಅತ್ತೆಯನ್ನು ಕೇಳಿದಳು. ಅತ್ತೆ, ತಂತಿರಾಯ ಕೆಟ್ಟವನಲ್ಲ, ಫೋನ್ ಬಂದ್ರೆ ಎತ್ತು ಎಂದಳು. ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಆಮೇಲೆ ಶುರುವಾಯಿತು ಕಾಯುವುದು.

ಒಂದು ದಿನ. ಮೂರು ದಿನ. ವಾರ.

ಅವಳು ಟೈಪ್ ಮಾಡುತ್ತ ಕಾದಳು, ಅತ್ತೆಗೆ ಗಂಜಿ ಕುಡಿಸುತ್ತ ಕಾದಳು. ಸಂಜೆ ಆರಕ್ಕೆ ಹಿತ್ತಲ ನಲ್ಲಿಯಲ್ಲಿ ನೀರು ಬರುವುದು. ಅತ್ತೆಯ ಬಟ್ಟೆ ಒಗೆಯುವಾಗಲೂ ಬಾಗಿಲು ತೆರೆದಿಟ್ಟು ಕಿವಿಯನ್ನು ಒಳಗೇ ಬಿಟ್ಟುಬರುತ್ತಿದ್ದಳು. ಅವಳಿಗೆ ಗಂಟೆ ಕೇಳಿಸಲಿಲ್ಲ.

'ಅಲ್ಲಿ ಲೈನ್ ಸಿಕ್ಕಿರಲ್ಲ' ಎಂದುಕೊಂಡಳು ಮೊದಲ ವಾರ. ಎರಡನೆಯ ವಾರ, 'ಮನಸ್ಸು ಬದಲಾಗಿರಬೇಕು.' ಮೂರನೆಯ ವಾರ ಏನನ್ನೂ ಅಂದುಕೊಳ್ಳಲಿಲ್ಲ. ವರದಿಗಳಲ್ಲಿ ತಪ್ಪುಗಳು ಹೆಚ್ಚಿದವು. ಕನ್ನಡಿಯ ಮುಂದೆ ತಲೆ ಬಾಚುವುದನ್ನೂ ಬಿಟ್ಟಳು. ರೋಗಿ ಮಲಗಿರುವ ಕೋಣೆಗೆ ಒಂದು ವಾಸನೆ ಇರುತ್ತದಲ್ಲ, ಅದು ತನ್ನ ಸೆರಗಿಗೇ ಅಂಟಿಬಿಟ್ಟಿದೆ ಅನಿಸುತ್ತಿತ್ತು. ಅದರ ಗಾಳಿ ತಾಗಿಯೇ ಅವನು ಓಡಿಹೋದನೇನೋ...

ಅತ್ತೆಯೂ ಇಳಿದುಹೋಗುತ್ತಿದ್ದಳು. ಮಾತು ಕಡಿಮೆಯಾಗಿತ್ತು. ತಮಾಷೆ ನಿಂತೇಹೋಗಿತ್ತು.

ಇಪ್ಪತ್ತೇಳನೆಯ ದಿನ ಅವಳು ಒಗೆದ ಬಟ್ಟೆ ಹೊತ್ತು ಒಳಗೆ ಬಂದಾಗ ಅತ್ತೆ ಎದ್ದು ಕೂತಿದ್ದಳು.

"ಗುಬ್ಬೀ, ಮೂರು ದಿನದಿಂದ ಆರು ಗಂಟೆಯ ಕಾಲ್ ಬರ್ತಿಲ್ಲ."

"ಯಾವ ಕಾಲ್ ಅತ್ತೆ?"

"ದಿನಾ ಬರ್ತಿತ್ತಲ್ಲ. ಗಂಟೆ ಒಂದ್ಸಲ ಕಿರ್ ಅನ್ನೋದು. ತಕ್ಷಣ ನಿನ್ನ ಯಂತ್ರ ಟಿಕ್ ಅಂತ ಎತ್ತೋದು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಟಿಕ್. ಮೊದಮೊದಲು ಆಸ್ಪತ್ರೆಯ ಯಂತ್ರ ಅಂದ್ಕೊಂಡೆ. ಆದ್ರೆ ಯಂತ್ರಕ್ಕೆ ಯಂತ್ರ ಸಿಕ್ಕಿದ್ರೆ ಮಾತು ಮುಗಿಸೇ ಇಡುತ್ತೆ. ಇದು ಮಾತೇ ಆಡದೆ ಇಡೋದು. ಮನುಷ್ಯರ ಕಾಲ್ ಅದು."

ಬಟ್ಟೆಯ ಬುಟ್ಟಿ ಕೈಜಾರಿತು.

ಅವಳು ಕಂಪ್ಯೂಟರಿಗೆ ಓಡಿದಳು. ಅದು ಎಚ್ಚರವಾಗುವಷ್ಟರಲ್ಲಿ ಒಂದು ಜನ್ಮ ಕಳೆದ ಹಾಗಾಯಿತು. ATS0? ಎಂದು ಕೇಳಿದಳು. ಯಂತ್ರ ಏನನ್ನೂ ಮುಚ್ಚಿಡದೆ ಉತ್ತರ ಕೊಟ್ಟಿತು.

001.

ಒಂದು. ಮೊದಲ ರಿಂಗಿಗೇ ಎತ್ತು. ಬರೆದಿಟ್ಟುಕೋ ಎಂದು ಅವಳು ಹೇಳಿರಲಿಲ್ಲ, ಅದು ಬರೆದಿಟ್ಟುಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆಯೇ ಎಲ್ಲ ಮರೆತು, ಅವನು ಮಾಡಿದ ಒಂದೊಂದು ಕರೆಯನ್ನೂ ತಾನೇ ಎತ್ತಿ, ಅವನ ಕಿವಿಗೆ ಆ ಕೂಗನ್ನು ಸುರಿದಿತ್ತು.

"ಯಾಕತ್ತೆ ಹೇಳಲಿಲ್ಲ?" ಅವಳು ಮಂಚದ ಕಡೆ ತಿರುಗಿದಳು. "ದಿನಾ ಕೇಳಿಸ್ತಿತ್ತು ಅಂತೀಯ, ಒಂದು ಮಾತು ಹೇಳ್ಬಾರ್ದಿತ್ತಾ?"

"ಮೂವತ್ತೊಂದು ವರ್ಷ ಬೋರ್ಡ್ ಮುಂದೆ ಕೂತೋಳು ಕಣೇ. ಯಾರು ಯಾರಿಗೆ ಕಾಲ್ ಮಾಡಿದ್ರು ಅಂತ ಸತ್ರೂ ಬಾಯಿ ಬಿಡಬಾರ್ದು ಅನ್ನೋದು ನಮ್ಮ ಮೊದಲನೇ ಪಾಠ..." ಅತ್ತೆ ನಿಲ್ಲಿಸಿದಳು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಸುಳ್ಳು ಯಾಕೆ ಹೇಳ್ಲಿ. ಅವನದೇ ಕಾಲ್ ಅಂತ ಎರಡನೇ ವಾರಕ್ಕೇ ಗೊತ್ತಾಯ್ತು. ಹೇಳಿದ್ರೆ ನೀನು ಹೋಗ್ಬಿಡ್ತೀಯ. ನಾನಿನ್ನು ಎಷ್ಟು ದಿನ ಅಂತ ಇದ್ದೀನಿ, ಅಷ್ಟು ದಿನ ಇರ್ಲಿ ಅಂತ... ಆದ್ರೆ ಗುಬ್ಬೀ, ಕಾಲ್ ನಿಂತ ಮೇಲೆ ನಂಗೆ ನಿದ್ದೆ ಬರ್ತಿಲ್ಲ."

ಅವಳಿಗೆ ಕಿರುಚಬೇಕೆನಿಸಿತು. ಆದರೆ ಆ ಮನೆಯಲ್ಲಿ ಕಿರುಚುವ ಹಾಗಿಲ್ಲವಲ್ಲ. ಕುರ್ಚಿಯಲ್ಲೇ ಕುಸಿದು ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

ಅವನ ನಂಬರು ಕೂಡ ಅವಳ ಹತ್ತಿರ ಇರಲಿಲ್ಲ.

ಅತ್ತೆ ಫೋನನ್ನು ಮಡಿಲಿಗೆ ಎಳೆದುಕೊಂಡಳು. ಆರು ತಿಂಗಳಿಂದ ಅದನ್ನು ಕಿವಿಗೆ ಹಿಡಿದವಳಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಿಡಿದಳು. ಎಕ್ಸ್‌ಚೇಂಜಿನಲ್ಲಿ ಇನ್ನೂ ಇದ್ದ ತನ್ನ ಕೈಕೆಳಗಿನವಳೊಬ್ಬಳನ್ನು ಹಿಡಿದು, ನಾನಿನ್ನೂ ಸತ್ತಿಲ್ಲ, ಅಳೋದು ಆಮೇಲೆ, ಮೊದಲು ಲೈನ್ ಕೊಡು ಎಂದು ಗದರಿದಳು. ಆ ಊರು, ಅಲ್ಲಿಂದ ಚಿಕಿತ್ಸಾಲಯ, ಅಲ್ಲಿಂದ ಯಂತ್ರದವನ ಕೋಣೆ. ಬೆವರು ಕಿವಿಯ ಹಿಂದಿನಿಂದ ಕತ್ತಿಗಿಳಿಯುತ್ತಿತ್ತು. ದನಿ ಮಾತ್ರ ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು.

"ದಯವಿಟ್ಟು ಲೈನಿನಲ್ಲಿರಿ. ನಿಮಗೊಂದು ಕರೆ ಇದೆ."

ರಿಸೀವರನ್ನು ಗುಬ್ಬಿಯ ಕೈಗಿಟ್ಟು, ಕೇಳಿಸಿಕೊಳ್ಳಬಾರದೆಂದು ದಿಂಬನ್ನು ಕಿವಿಯ ಮೇಲೆ ಹಾಕಿಕೊಂಡು ಮಲಗಿದಳು.

"ಹಲೋ," ಎಂದಳು ಅವಳು.

ಆ ಕಡೆ ರಿಸೀವರನ್ನು ಇನ್ನೊಂದು ಕೈಗೆ ತೆಗೆದುಕೊಂಡ ಸದ್ದು.

"ನಾನು... ಎತ್ತಲಿಲ್ಲ ಅಂದ್ಕೋಬೇಡಿ."

"ಎತ್ತಿದ್ರಲ್ಲ," ಎಂದ ಅವನು. ಬಳಲಿದ, ದೂರದ ದನಿ. "ಇಪ್ಪತ್ತಮೂರು ಸಲ. ಯಂತ್ರದ ಕೈಲಿ ಎತ್ತಿಸಿದ್ರಿ. ಫೋನು ಹೊಡ್ಕೊಂಡು ಸುಮ್ಮನಾಗಿದ್ರೆ ಮೊದಲ ದಿನಾನೇ ತಿಳ್ಕೋತಿದ್ದೆ. ಅದನ್ನ ನನ್ನ ಮುಂದೇನೇ ತೆಗೆದು, ಆಮೇಲೆ ಮತ್ತೆ ಹಾಕಿದ್ರಲ್ಲ... ಅಷ್ಟೊಂದು ಬೇಡವಾಗಿದ್ನಾ ನಾನು?"

"ನಾನು ಹಾಕ್ಲಿಲ್ಲ. ಬರೆದಿಡೋದು ಮರೆತೆ."

"ಮರೆತ್ರಾ?"

"ಬೆರಳು ಕೀಲಿಯ ಮೇಲೇ ಇತ್ತು," ಎಂದಳು. ಕಣ್ಣೀರು ರಿಸೀವರಿಗೆ ಇಳಿಯುತ್ತಿತ್ತು. "ಅಷ್ಟರಲ್ಲಿ ನೀವು ಅದನ್ನ ಹೇಳಿದ್ರಿ. ಅಂಥಾ ಮಾತು ಕೇಳಿದ ಮೇಲೆ ಯಾರಿಗ್ರೀ &W ನೆನಪಿರುತ್ತೆ?"

ಆ ಕಡೆ ಏನೋ ಬಿದ್ದ ಸದ್ದಾಯಿತು. ಅವನು ನಿಂತಿದ್ದವನು ಕೂತಿರಬೇಕು.

ಆಮೇಲೆ ಅವನು ನಿಧಾನವಾಗಿ ಹೇಳಿದ: ದ್ವೀಪದ ಕೆಲಸದ ಕಾಗದಕ್ಕೆ ಮೂರು ದಿನದ ಹಿಂದೆಯೇ ಸಹಿ ಹಾಕಿದ್ದಾನೆ. ಟಪಾಲಿನ ಚೀಲದಲ್ಲಿದೆ. ಚೀಲ ಹೋಗುವುದು ನಾಳೆ ಬೆಳಿಗ್ಗೆ.

"ತೆಗೀರಿ ಅದನ್ನ," ಎಂದಳು. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. "ಆದ್ರೆ... ನಾನು ಈ ಮನೆ ಬಿಟ್ಟು ಬರೋಕಾಗಲ್ಲ. ಅತ್ತೆ ಇರೋವರೆಗೂ ಆಗಲ್ಲ. ಅದನ್ನ ಈಗ್ಲೇ ಹೇಳ್ಬೇಕು."

"ಬಿಟ್ಟು ಬನ್ನಿ ಅಂತ ನಾನೆಲ್ಲಿ ಕೇಳ್ದೆ? ಆ ಮನೆಗೇ ಬರ್ತೀನಿ ಅನ್ನೋಷ್ಟರಲ್ಲಿ ವ್ಯಾನಿನವನು ಹಾರ್ನ್ ಹೊಡೆದ."

ದಿಂಬಿನ ಕೆಳಗೆ ಅತ್ತೆಯ ಬೆನ್ನು ಒಮ್ಮೆ ಅಲುಗಿತು. ಕದ್ದು ಕೇಳಬಾರದು, ಬಾಯಿ ಬಿಡಬಾರದು ಎಂಬ ಮೂವತ್ತೊಂದು ವರ್ಷದ ನಿಯಮ ಆ ದಿನ ಎರಡನೇ ಬಾರಿ ಮುರಿದಿತ್ತು.

"ಈಗಲಾದ್ರೂ ಆ ಕೆಲಸ ಮುಗಿಸ್ತೀರಾ?" ಎಂದ ಅವನು.

ಅವಳು ರಿಸೀವರನ್ನು ಕತ್ತು ಹೆಗಲ ನಡುವೆ ಸಿಕ್ಕಿಸಿಕೊಂಡಳು. ATS0=0. OK. ಈ ಸಲ ಅಲ್ಲಿಗೆ ನಿಲ್ಲಲಿಲ್ಲ. AT&W. ಮತ್ತೆ OK. ಅವನು ಹೇಳಿದನೆಂದು ಮೋಡೆಮ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿ, ATS0? ಎಂದು ಕೇಳಿದಳು.

"ಎಷ್ಟಿದೆ?"

"ಮೂರು ಸೊನ್ನೆ."

"ಹಾಗಾದ್ರೆ ಇಡಿ. ನಾನು ಮಾಡ್ತೀನಿ."

ಅವಳು ಇಟ್ಟಳು. ಅತ್ತೆ ದಿಂಬಿನಡಿಯಿಂದ ಕೈ ಚಾಚಿ, ಫೋನಿನ ಗಂಟೆಯ ತಿರುಪನ್ನು ಜೋರಿನ ಕಡೆಗೆ ಪೂರ್ತಿ ತಿರುಗಿಸಿದಳು. ತಡೆಯಲು ಹೋದವಳ ಕೈಯನ್ನು ಮೆಲ್ಲಗೆ ಸರಿಸಿದಳು.

ಗಂಟೆ ಬಾರಿಸಿತು. ಒಂದು. ಅತ್ತೆ ಮುಖ ಕಿವುಚಿದಳು. ಯಂತ್ರ ಸುಮ್ಮನಿತ್ತು. ಎರಡು. ಕೆಂಪು ದೀಪಗಳು ನೋಡುತ್ತ ಕೂತವು. ಮೂರು.

"ಎತ್ತೇ, ತಲೆ ಸಿಡೀತಿದೆ," ಎಂದಳು ಅತ್ತೆ. ಅವಳ ಕಣ್ಣಿನಿಂದ ನೀರಿಳಿಯುತ್ತಿದ್ದುದು ನೋವಿಗೋ ಇನ್ನೇತಕ್ಕೋ.

ಅವಳು ಎತ್ತಿದಳು.

"ಯಾರು?"

"ನಾನು. ಕಾಗದ ಹರಿದೆ. ಭಾನುವಾರ ಬರ್ತೀನಿ."

"ಬನ್ನಿ," ಎಂದಳು ಅವಳು, ಅತ್ತೆಗೆ ನೋವಾಗದಷ್ಟು ಮೆಲ್ಲಗೆ.